ಬಾಯಿಪಾಠದ ಮಾರ್ಕ್ಸು

ನೆನಪಿನ ಪರೀಕ್ಷೆಯಲ್ಲಿ ಪಾಸು, ಫೇಲು ಅಂತ ಇಲ್ಲ. ಇದನ್ನು ಹೇಳಿ ಹೇಳಿ ನನ್ನ ಬಾಯಿ ಒಣಗಿದೆ. ಎರಡು ಸಾವಿರನೇ ಇಸವಿಯ ಆಸುಪಾಸಿನಲ್ಲಿ ನಾನು ಮೈಸೂರಿನ ಆಸ್ಪತ್ರೆಯೊಂದರಲ್ಲಿ ಮನಶ್ಶಾಸ್ತ್ರಜ್ಞೆಯಾಗಿದ್ದೆ. ಮೆದುಳಿನ ಆಪರೇಷನ್ನಿಗೆ ಮುಂಚೆ ಒಮ್ಮೆ, ಆಮೇಲೆ ಒಮ್ಮೆ ರೋಗಿಗಳ ನೆನಪನ್ನು ಅಳೆಯುವುದು ನನ್ನ ಕೆಲಸ. ಒಂದಷ್ಟು ಪದಗಳನ್ನು ಮತ್ತೆ ಮತ್ತೆ ಗಟ್ಟಿಯಾಗಿ ಓದಿ, ಅರ್ಧ ಗಂಟೆ ಬಿಟ್ಟು ಕೇಳುತ್ತಿದ್ದೆ. ನೆನಪಿನಲ್ಲಿ ಉಳಿದಷ್ಟೇ ಅಂಕ. ಹೊರಗೆ ಬಂದರೆ ಮನೆಯವರದು ಒಂದೇ ಪ್ರಶ್ನೆ, "ಪಾಸಾ ಮೇಡಂ?" ನನಗೆ ಸಿಡುಕು ಬರುತ್ತಿತ್ತು.

ಲಕ್ಷ್ಮೀಪುರಂನ ತಾಯಿಯೊಬ್ಬರು ಮಗಳನ್ನು ಕರೆತಂದಿದ್ದರು. ತಾಯಿ ಪ್ರೈಮರಿ ಶಾಲೆಯ ಟೀಚರಾಗಿ ನಿವೃತ್ತರಾದವರು. ಮಗಳಿಗೆ ಚಿಕ್ಕಂದಿನಿಂದ ಫಿಟ್ಸ್. ಹೆಬ್ಬಾಳದ ಫ್ಯಾಕ್ಟರಿಯಲ್ಲಿ ಕೆಲಸ ಸಿಕ್ಕಿತ್ತು, ಒಂದು ದಿನ ಬಸ್ಸಿನಲ್ಲೇ ಫಿಟ್ಸ್ ಬಂದು ಬಿದ್ದ ಮೇಲೆ ಬಿಡಿಸಿದ್ದರು. ಈಗ ತಾಯಿಯಿಲ್ಲದೆ ಬೀದಿ ಕೊನೆಯ ಅಂಗಡಿಗೂ ಹೋಗುವಂತಿರಲಿಲ್ಲ. ಮಾತ್ರೆಗಳು ಕೆಲಸ ಮಾಡಿರಲಿಲ್ಲ. ಮೆದುಳಿನ ಎಡಭಾಗದಲ್ಲಿ ಫಿಟ್ಸ್ ಹುಟ್ಟುವ ಜಾಗವನ್ನು ತೆಗೆದರೆ ನಿಲ್ಲಬಹುದೆಂದು ಡಾಕ್ಟರು ಹೇಳಿದ್ದರು. ಆದರೆ ಪದಗಳ ನೆನಪಿಗೆ ಬೇಕಾದ್ದೂ ಅದೇ ಜಾಗ.

ಮೊದಲ ದಿನ ಪರೀಕ್ಷೆಯ ನಡುವೆಯೇ ಫಿಟ್ಸ್ ಬಂತು. ಮುಂದಿನ ವಾರ ಬರಹೇಳಿದೆ. ಫಿಟ್ಸ್ ಬಂದ ದಿನ ಕೇಳಿದ್ದು ಎಲ್ಲಿ ಉಳಿದಿರುತ್ತದೆ ಎಂದು ಅದೇ ಪದಗಳನ್ನೇ ಓದಿದೆ. ಹುಡುಗಿ ಒಂದನ್ನೂ ಬಿಡಲಿಲ್ಲ. ಕೊಡೆ, ಗಿಣಿ, ಏಣಿ, ಬೆಲ್ಲ ಎಂದು ಮಗ್ಗಿ ಒಪ್ಪಿಸುವ ಹಾಗೆ ಒಪ್ಪಿಸಿದಳು.

"ಎಲ್ಲಾನೂ ಹೇಳಿದ್ಲಾ?" ತಾಯಿಯ ಮುಖ ಅರಳಿತ್ತು.

"ಹೇಳಿದ್ಲು. ಅದೇ ತೊಂದರೆ" ಎಂದೆ. "ಇಷ್ಟು ಚೆನ್ನಾಗಿ ಕೆಲಸ ಮಾಡೋ ಭಾಗಾನ ತೆಗೆದ್ರೆ ಕಳ್ಕೊಳ್ಳೋದೂ ಜಾಸ್ತಿ. ಡಾಕ್ಟರು ಆಪರೇಷನ್ನೇ ಬೇಡ ಅನ್ನಬಹುದು."

ಅವರು ಬಾಗಿಲಾಚೆಯ ಬೆಂಚಿನ ಮೇಲೆ ಕೂತುಬಿಟ್ಟರು. "ತಪ್ಪಾಯ್ತು ಕಣಮ್ಮ. ಮಾರ್ಕ್ಸ್ ಕಮ್ಮಿಯಾದ್ರೆ ಆಪರೇಷನ್‌ಗೆ ತಗೊಳ್ಳಲ್ಲ ಅಂದ್ಕೊಂಡ್ಬುಟ್ಟೆ. ನಾನೇ ಬಾಯಿಪಾಠ ಮಾಡಿಸ್ದೆ."

ಮೊದಲ ದಿನ ಅದೇ ಬೆಂಚಿನಲ್ಲಿ ಕೂತು, ನಾನು ಓದಿದ್ದನ್ನೆಲ್ಲ ಅವರು ಬಾಗಿಲಾಚೆಯಿಂದ ಕೇಳಿಸಿಕೊಂಡಿದ್ದರು. ವಾರವಿಡೀ ಬೆಳಿಗ್ಗೆ ಸಂಜೆ ಮಗಳನ್ನು ಕೂರಿಸಿಕೊಂಡು ಹೇಳಿಸಿದ್ದರಂತೆ. ನನಗೆ ಮೈ ಉರಿಯಿತು. ಬೈಯಲೆಂದೇ ಬಾಯಿ ತೆರೆದೆ. ಆದರೆ ಅವರ ಕೈ ಕಣ್ಣಿಗೆ ಬಿತ್ತು. ಎಷ್ಟು ವರ್ಷ ಮಗಳ ತಲೆ ನೆಲಕ್ಕೆ ಬಡಿಯದಂತೆ ಹಿಡಿದ ಕೈಯೋ ಅದು. ಅಯ್ಯೋ ಪಾಪ ಅನ್ನಿಸಿ, ಇನ್ನೊಂದು ಸಲ ಕರೆತನ್ನಿ ಎಂದೆ.

ಮತ್ತೊಂದು ದಿನ ಬಾಗಿಲು ಹಾಕಿಕೊಂಡು ಬೇರೆ ಪದಗಳನ್ನು ಓದಿದೆ. ಅರ್ಧ ಗಂಟೆಯಲ್ಲಿ ಮುಕ್ಕಾಲು ಪಾಲು ಹೋಗಿತ್ತು. ಆ ಜಾಗ ಆಗಲೇ ಸೊರಗಿತ್ತು, ತೆಗೆದರೂ ನಷ್ಟ ಸ್ವಲ್ಪವೇ. ಇನ್ನುಳಿದ ಪರೀಕ್ಷೆಗಳೂ ಅದನ್ನೇ ಹೇಳಿದವು. ಅಂಕ ಕಡಿಮೆ ಬಂತೆಂದು ಕೈಮುಗಿದ ತಾಯಿಯನ್ನು ನಾನು ಕಂಡದ್ದು ಅದೊಂದೇ ಸಲ.

ಆಪರೇಷನ್ ಆಗಿ ಕೆಲವು ತಿಂಗಳ ಮೇಲೆ ಇನ್ನೊಂದು ಪಟ್ಟಿ ಓದಿದಾಗ ಒಂದೆರಡು ಪದ ಮತ್ತೆ ಕಡಿಮೆ. ತಾಯಿ ನನ್ನ ಮುಖವನ್ನೇ ನೋಡುತ್ತಿದ್ದರು. "ನಿದ್ದೆಗೆಟ್ರೂ ಇಷ್ಟು ಹೆಚ್ಚುಕಮ್ಮಿ ಆಗತ್ತೆ. ನೆನಪು ಹೋಯ್ತು ಅನ್ನೋ ಹಾಗಿಲ್ಲ" ಎಂದೆ. ಮನೆಯಲ್ಲಿ ಹೇಗಿದ್ದಾಳೆ ಎಂದು ಕೇಳಿದೆ. ಫಿಟ್ಸ್ ಬಂದಿಲ್ಲ, ಹಾಲು ಉಕ್ಕಿಸುತ್ತಾಳೆ, ಬೀಗದ ಕೈ ಎಲ್ಲೋ ಇಟ್ಟು ಹುಡುಕುತ್ತಾಳೆ ಎಂದರು. ಅದನ್ನೆಲ್ಲ ನಾನೂ ಮಾಡುತ್ತಿದ್ದೆ.

ಮರುವರ್ಷದ ಪರೀಕ್ಷೆಯ ದಿನ ಬಾಗಿಲಾಚೆಯ ಬೆಂಚು ಖಾಲಿಯಿತ್ತು.

"ಅಮ್ಮ ಎಲ್ಲಮ್ಮ?"

"ಮನೇಲಿ. ನಾನೊಬ್ಳೇ ಬಸ್ಸಲ್ಲಿ ಬಂದೆ ಮೇಡಂ. ಇಲ್ಲಿಂದ ಹಂಗೇ ಹೆಬ್ಬಾಳಕ್ಕೆ, ಸೆಕೆಂಡ್ ಶಿಫ್ಟು."

ಅಂಕ ಹೋದ ಸಲದಷ್ಟೇ ಬಂತು. ಬಿಟ್ಟುಹೋದ ಪದಗಳು ಯಾವುವೆಂದು ಅವಳು ಕೇಳಿದಳು. ಹೇಳುವ ಹಾಗಿಲ್ಲ ಎಂದೆ.

"ಹೇಳ್ಬೇಡಿ ಬುಡಿ" ಎಂದು ಬ್ಯಾಗು ಹೆಗಲಿಗೆ ಹಾಕಿಕೊಂಡಳು. "ಅಮ್ಮಂಗೆ ಗೊತ್ತಾದ್ರೆ ಬಾಯಿಪಾಠ ಮಾಡಿಸ್ತಾರೆ."