ಬುಧವಾರದ ಉಪವಾಸ

ಮಕ್ಕಳೇ, ನಿಮ್ಮ ದೊಡ್ಡಕ್ಕ ಕಾಲೇಜಿನ ವಾರ್ಷಿಕ ಸಂಚಿಕೆಗೆ ಬರೆದ ಪ್ರವಾಸದ ಲೇಖನವನ್ನು ನೀವೆಲ್ಲ ಓದಿದ್ದೀರಿ. ಅದರಲ್ಲಿ ಒಂದು ಸಾಲು ಸುಳ್ಳು. ಆ ಸುಳ್ಳು ಅವಳದಲ್ಲ, ನನ್ನದು.

ನಿಮ್ಮ ಅಜ್ಜ ತೀರಿಕೊಂಡು ಎರಡು ವರ್ಷವಾಗಿತ್ತು. ನಮ್ಮೂರು ಉಗಾರ ಬುದ್ರುಕ ಬಿಟ್ಟರೆ ನನ್ನ ತವರು, ಚಿಕ್ಕೋಡಿಯ ದವಾಖಾನೆ. ನಾನು ಕಂಡ ಲೋಕ ಅಷ್ಟೇ. "ಯಾರೂ ನೋಡದ ಜಾಗಾ ನೋಡೂಣು ಬಾ ಆಯಿ" ಎಂದು ನಿಮ್ಮಕ್ಕ ಪಾಲಬಾವಿ ಊರಿನ ಆಚೆ, ಕಬ್ಬಿನ ನಡುವೆ ಇರುವ ಹಳೆಯ ಮೆಟ್ಟಿಲು ಬಾವಿಗೆ ಕರೆದುಕೊಂಡು ಹೋದಳು. ಬಸ್ಸಿನಲ್ಲಿ ಕಂಡಕ್ಟರ್ ನಕ್ಕ. "ಬಾವಿ ನೋಡಾಕ ಟಿಕೆಟ್ ತಗೊಂಡೀರಿ? ನಿಮ್ಮೂರಾಗ ನೀರಿಲ್ಲೇನ್ರೀ?"

ದಾರಿ ಗೊತ್ತಾಗದೆ ನಿಂತಿದ್ದಾಗ, ಮೇವು ಕೊಯ್ಯುತ್ತಿದ್ದ ಒಬ್ಬ ಹೆಂಗಸು ಕುಡುಗೋಲು ಬದಿಗಿಟ್ಟು ಮುಂದೆ ನಡೆದಳು. ಕಬ್ಬಿನ ಗರಿ ನಮಗೆ ತಾಗದಂತೆ ತನ್ನ ತೋಳಿನಿಂದಲೇ ಸರಿಸುತ್ತಿದ್ದಳು. ಬಾವಿಯ ಮೆಟ್ಟಿಲುಗಳು ತಣ್ಣಗಿದ್ದವು. ಕೆಲಸವಿಲ್ಲದೆ, ಬರೀ ನೋಡುವುದಕ್ಕೆಂದು ನಾನು ಎಲ್ಲಿಗಾದರೂ ಹೋದದ್ದು ಅದೇ ಮೊದಲು. ಬಹಳ ಹೊತ್ತು ಕೂತೆವು.

ಹೊರಡುವಾಗ ಆಕೆ, "ಬಿಸಿಲಾಗ ಬಂದೀರಿ, ಚಾ ಕುಡದ ಹೋಗ್ರಿ" ಎಂದು ತನ್ನ ಮನೆಗೆ ಕರೆದಳು. ಕಟ್ಟೆಯ ಮೇಲೆ ಕೂತು ಒಳಗೆ ನೋಡಿದರೆ ಗೋಡೆಯ ಮೇಲೆ ಬುದ್ಧನ ಫೋಟೋ. ಇದು ಯಾರ ಮನೆ, ಯಾವ ಕೇರಿ ಎಂದು ತಿಳಿಯಿತು. ನನ್ನ ತವರಿನಲ್ಲಿ ಆ ಕೇರಿಯ ನೀರು ಮುಟ್ಟುತ್ತಿರಲಿಲ್ಲ. ಯೋಚಿಸುವ ಮೊದಲೇ ನಾಲಿಗೆ ಆಡಿತು.

"ನನಗ ಬ್ಯಾಡ್ರಿ. ಇವತ್ತ ಉಪಾಸ ಐತಿ."

"ಉಪಾಸಕ್ಕ ಚಾ ನಡೀತೈತಲ್ರೀ ಅಕ್ಕಾರ?"

"ನಾ ಚಾನೂ ಕುಡಿಯೂದಿಲ್ರಿ. ಹಣ್ಣಷ್ಟ."

"ಬುಧವಾರ?" ಎಂದಳು ಆಕೆ. ನಿಮ್ಮಕ್ಕನಿಗೆ ಚಹಾ ಕೊಟ್ಟು ಹೊರಗೆ ಹೋದಳು. ವಾರಕ್ಕೆ ಎರಡು ಉಪವಾಸ ಹಿಡಿಯುವವಳು ನಾನು. ಯಾವ ವಾರ ಎಂದು ಹುಡುಗಿ ಲೆಕ್ಕ ಇಟ್ಟಿರಲಿಲ್ಲ, ನಂಬಿ ಚಹಾ ಕುಡಿದಳು. ನನ್ನ ಚೀಲದಲ್ಲಿ ರೊಟ್ಟಿಯ ಬುತ್ತಿ ಇತ್ತು. ಅದನ್ನು ಕಾಲಿನಿಂದ ಹಿಂದಕ್ಕೆ ತಳ್ಳಿದೆ.

ಆಕೆ ಪಕ್ಕದ ತೋಟದಿಂದ ನಾಲ್ಕು ಬಾಳೆಹಣ್ಣು ತಂದಳು. ನನ್ನ ಕೈಗೆ ಕೊಡಲಿಲ್ಲ, ಕಟ್ಟೆಯ ಮೇಲೆ ಇಟ್ಟಳು.

"ಸಿಪ್ಪಿ ನೀವ ಸುಲಕೋರಿ. ನಡೀತೈತಿ."

ಆಕೆಗೆ ಎಲ್ಲ ಗೊತ್ತಾಗಿತ್ತು. ಆದರೂ ತಂದಿದ್ದಳು. ಆಕೆಯ ತೋಳಿನ ಮೇಲೆ ಗರಿ ಗೀರಿದ ಕೆಂಪು ಗೆರೆಗಳಿದ್ದವು. ಹಣ್ಣು ತಿಂದೆ. ರಾತ್ರಿಯವರೆಗೂ ಉಪವಾಸದ ನಾಟಕ ಮುಂದುವರಿಸಿದೆ. ಬುತ್ತಿ ಎಮ್ಮೆಗೆ ಹೋಯಿತು.

"ಉಪವಾಸವಿದ್ದ ನನ್ನ ಅಜ್ಜಿಗಾಗಿ ಆ ತಾಯಿ ಹಣ್ಣು ತಂದುಕೊಟ್ಟರು" ಎಂದು ನಿಮ್ಮಕ್ಕ ಬರೆದಳು. ನೀವೆಲ್ಲ ಅದನ್ನು ಗಟ್ಟಿಯಾಗಿ ಓದಿದಿರಿ. ನಾನು ಸೆರಗಿನಲ್ಲಿ ಮುಖ ಮುಚ್ಚಿಕೊಂಡೆ. ನಾಚಿಕೆಯ ಸ್ವಭಾವ ಎಂದು ನಕ್ಕಿರಿ.

ಮರುವರ್ಷ ರಾಯಬಾಗದ ಸಂಬಂಧಿಕರ ಮನೆಗೆ ಹೋಗುತ್ತೇನೆಂದು ಹೇಳಿ ಒಬ್ಬಳೇ ಅಲ್ಲಿಗೆ ಹೋದೆ. ಆಕೆ ಗುರುತು ಹಿಡಿದಳು.

"ಬಾವಿ ನೋಡಾಕ ಬಂದೀರೇನ್ರೀ?"

"ಇಲ್ರಿ. ಚಾ ಕುಡಿಯಾಕ."

"ಇವತ್ತ ಉಪಾಸ ಇಲ್ಲ ಹಂಗಾರ" ಎಂದು ನಕ್ಕಳು. ಒಳಗೆ ಕೂರಿಸಿ ಚಹಾ ಕೊಟ್ಟಳು. ಎರಡು ಸಲ ಕುಡಿದೆ. ಸುಳ್ಳು ಹೇಳಿದ್ದೆ ಎನ್ನುವ ಒಂದು ಮಾತು ಮಾತ್ರ ಬಾಯಿಂದ ಹೊರಡಲಿಲ್ಲ. ಅದನ್ನು ಹೇಳಲೆಂದೇ ಹೋಗಿದ್ದೆ. ಮಳೆ, ದನ, ಮೊಮ್ಮಕ್ಕಳು ಎಂದು ಏನೇನೋ ಮಾತಾಡಿ ಎದ್ದು ಬಂದೆ.

ಆ ಸಂಚಿಕೆ ನನ್ನ ಟ್ರಂಕಿನಲ್ಲಿದೆ. ಆ ಸಾಲಿನ ಕೆಳಗೆ ಪೆನ್ಸಿಲಿನಿಂದ ಗೀಟು ಎಳೆದಿದ್ದೇನೆ. ಆಕೆಗೆ ಹೇಳಲಾಗದ್ದನ್ನು ನಿಮಗೆ ಹೇಳುತ್ತಿದ್ದೇನೆ: ಅಂದು ನನಗೆ ಉಪವಾಸ ಇರಲಿಲ್ಲ.