ರೈಟಕ್ಕನ ಮೂಲೆ

ಇಸ್ತ್ರಿ ಅಂಗಡಿಯವಳಿಗೆ ಅಪ್ಪ ಅಮ್ಮ ಏನು ಹೆಸರಿಟ್ಟಿದ್ದರೋ, ಊರಿಗೆ ಮರೆತೇ ಹೋಗಿತ್ತು. ಎಲ್ಲರಿಗೂ ಅವಳು ರೈಟಕ್ಕ. ಅದಕ್ಕೆ ಕಾರಣ ಅವಳ ಮನೆಯ ಮೂಲೆ. ಊರಿಗಿದ್ದದ್ದು ಒಂದೇ ರಸ್ತೆ. ಅದು ಗಕ್ಕನೆ ತಿರುಗುವ ಕಡೆಯಲ್ಲೇ ಅವಳು ಇಸ್ತ್ರಿ ಮಾಡುವ ಕೋಣೆ, ಕರೆಯದಿದ್ದರೂ ಮೂಗು ತೂರಿಸುವ ನೆಂಟನ ಹಾಗೆ, ರಸ್ತೆಗೆ ಚಾಚಿಕೊಂಡಿತ್ತು. ಎದುರಿಗೆ ಬೇಕರಿ. ನಡುವೆ ಯಾವುದಾದರೂ ವಾಹನ ಸಿಕ್ಕಿಕೊಂಡಿತೆಂದರೆ ಅವಳು ಇಸ್ತ್ರಿಪೆಟ್ಟಿಗೆಯನ್ನು ನೆಟ್ಟಗೆ ನಿಲ್ಲಿಸಿ ಹೊರಗೆ ಬರುತ್ತಿದ್ದಳು.

"ಬರ್ಲಿ, ಬರ್ಲಿ, ರೈಟ್, ರೈಟ್... ಹೋಲ್ಡಾನ್."

ಅವಳನ್ನು ನೋಡಿ ನೋಡಿ ಇಡೀ ಊರೇ ಈ ವಿದ್ಯೆ ಕಲಿತಿತ್ತು. ಲಾರಿಯೊಂದು ಬಂದರೆ ಸಾಕು, ಹಲ್ಲುಜ್ಜುತ್ತಿದ್ದವನೂ ಬಾಯಲ್ಲಿ ಬ್ರಷ್ ಇಟ್ಟುಕೊಂಡೇ ಕೈ ಬೀಸುತ್ತಿದ್ದ.

ಬೇಕರಿಯಣ್ಣನಿಗೆ ಮಾತ್ರ ಆ ಮೂಲೆಯನ್ನು ಕಂಡರೆ ಹೊಟ್ಟೆಯುರಿ. ಅವನ ಮೈದಾ ಲಾರಿ ಸಿಕ್ಕಿಕೊಳ್ಳದೆ ಬಂದದ್ದೇ ಇಲ್ಲ. "ಒಂದು ಮೊಳ ಒಡೆಸಕ್ಕ, ಊರು ಉದ್ಧಾರ ಆಗುತ್ತೆ" ಎಂದು ಅವನು. "ನಿನ್ನ ಬೇಕರೀನೇ ಹಿಂದಕ್ಕೆ ತಳ್ಳಣ್ಣ" ಎಂದು ಅವಳು. ಈ ಜಗಳದಲ್ಲೇ ಇಬ್ಬರ ತಲೆಯೂ ನರೆತಿತ್ತು.

ಹೀಗಿರುವಾಗ ಊರಾಚೆಯ ಬಯಲಿನಲ್ಲಿ ದೊಡ್ಡ ಬಯೋಗ್ಯಾಸ್ ಕಾರ್ಖಾನೆ ಬರುವ ಸುದ್ದಿ ಬಂತು. ಸುತ್ತಲ ಪಟ್ಟಣಗಳ ಕೊಳೆತ ತರಕಾರಿ, ಹೋಟೆಲಿನ ಎಂಜಲು, ಕೋಳಿಫಾರಂ ಗೊಬ್ಬರ ಎಲ್ಲ ಟ್ಯಾಂಕರುಗಳಲ್ಲಿ ಬಂದು ಅಲ್ಲಿ ಕೊಳೆಯಬೇಕು. ರೈಟಕ್ಕ ಇಸ್ತ್ರಿಪೆಟ್ಟಿಗೆ ಬದಿಗಿಟ್ಟು ಲೆಕ್ಕ ಹಾಕಿದಳು. ಹಗಲಿಡೀ ಅವು ಅವಳ ಕಿಟಕಿಗೆ ಮೈ ಉಜ್ಜಿಕೊಂಡು ಹೋದರೆ, ನಾರುವ ಅಂಗಿಗೆ ಇಸ್ತ್ರಿ ಮಾಡಿಸಲು ಯಾರು ಬರುತ್ತಾರೆ? ಅವಳಿಗೆ ಅನ್ನ ಹಾಕುತ್ತಿದ್ದದ್ದು ಆ ಕೋಣೆಯೊಂದೇ.

ಊರು ಕೂಗಾಡಿತು. ಸರ್ಕಾರದಿಂದ ಒಬ್ಬರು ಮೇಡಂ ಬಂದು ತೀರ್ಪು ಹೇಳಿದರು: "ಖಾಲಿ ಟ್ಯಾಂಕರ್ ಒಂದು ಎಲ್ಲೂ ತಗುಲದೆ ಈ ತಿರುವು ದಾಟಿ ವಾಪಸ್ ಬರ್ಲಿ. ಬಂದ್ರೆ ಒಪ್ಪಿಗೆ. ಬರದಿದ್ರೆ ಕಂಪನಿಯವರು ಬೇರೆ ಜಾಗ ನೋಡ್ಕೊಳ್ಳಲಿ."

ಊರಿನವರಿಗೆ ನಗು ತಡೆಯಲಾಗಲಿಲ್ಲ. ಆ ಮೂಲೆ ಇರುವಾಗ ಟ್ಯಾಂಕರ್ ದಾಟುವುದುಂಟೆ? ಬೇಕರಿಯಣ್ಣ ರೈಟಕ್ಕನಿಗೆ ಬಿಸಿ ಬನ್ನು ತಂದುಕೊಟ್ಟು, ಮೂಲೆಯನ್ನು ಹಸುವಿನ ಬೆನ್ನಿನ ಹಾಗೆ ಸವರಿ ಹೋದ. ಪರೀಕ್ಷೆಯ ದಿನ ಯಾರೂ ತುಟಿ ಪಿಟಕ್ಕೆನ್ನಬಾರದೆಂದು ಮಾತಾಯಿತು.

ಟ್ಯಾಂಕರ್ ಬಂತು. ತಿರುವಿನ ನಡುವೆ ಸಿಕ್ಕಿಕೊಂಡೂ ಬಿಟ್ಟಿತು. ಡ್ರೈವರ್ ಬೆವರು ಒರೆಸಿಕೊಂಡ. ಜನ ಬಾಯಿಗೆ ಬೀಗ ಹಾಕಿಕೊಂಡು ಒಳಗೊಳಗೇ ಕುಣಿಯುತ್ತಿದ್ದರು. ಅಷ್ಟರಲ್ಲಿ ಹಿಂದಿನ ಚಕ್ರ ಚರಂಡಿಯ ಅಂಚಿಗೆ ಜಾರುವುದು ರೈಟಕ್ಕನ ಕಣ್ಣಿಗೆ ಬಿತ್ತು. ಹುಟ್ಟುಗುಣ ಸುಟ್ಟರೂ ಹೋಗದು.

"ಹೋಲ್ಡಾನ್. ಲೆಫ್ಟ್ ಕಟ್ ಮಾಡಪ್ಪ. ಹಾಂ, ಬರ್ಲಿ."

"ಇನ್ನೂ ಲೆಫ್ಟ್" ಎಂದ ಕ್ಷೌರದಂಗಡಿಯವನು. "ಈ ಕಡೆ ಬೇಕಾದಷ್ಟು ಜಾಗ ಇದೆ, ಬರ್ಲಿ" ಎಂದ ಬೇಕರಿಯಣ್ಣ. ಕ್ಷಣದಲ್ಲಿ ಊರಿಗೆ ಊರೇ ಕೈ ಬೀಸತೊಡಗಿತು. ಟ್ಯಾಂಕರ್ ಬೆಣ್ಣೆಯಲ್ಲಿ ಕೂದಲು ತೆಗೆದಂತೆ ಮೂಲೆ ದಾಟಿತು. ಜನ ಚಪ್ಪಾಳೆ ತಟ್ಟಿದರು. ಆಮೇಲೆ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ತಮ್ಮ ಕಾಲ ಮೇಲೆ ತಾವೇ ಕಲ್ಲು ಎತ್ತಿಹಾಕಿಕೊಂಡಿದ್ದರು.

ಕಂಪನಿಯ ಮ್ಯಾನೇಜರ್ ನಕ್ಕು, "ಇನ್ನು ವಾಪಸ್ ಬಂದ್ರೆ ಮುಗೀತು" ಎಂದ.

ಬಯಲಿನಲ್ಲಿ ತಿರುಗಿಸಿಕೊಂಡು ಬಂದ ಡ್ರೈವರ್ ಕಿಟಕಿಯಿಂದ ತಲೆ ಹೊರಗೆ ಹಾಕಿ, "ಅಕ್ಕಾ, ಇನ್ನೊಂದ್ಸಲ ಹೇಳಿ" ಎಂದು ಕೂಗಿದ. ರೈಟಕ್ಕ ಒಳಗೆ ಓಡಿ, ಇಸ್ತ್ರಿ ಮಾಡಿಟ್ಟಿದ್ದ ಟವೆಲೊಂದನ್ನು ತಂದು ಬಾಯಿಗೆ ತುರುಕಿಕೊಂಡಳು. ಕೈ ಬೀಸದಂತೆ ಎರಡು ಕೈಗಳನ್ನೂ ಕಂಕುಳಲ್ಲಿ ಅದುಮಿಕೊಂಡಳು. ಬೇಕರಿಯಣ್ಣ ಇಡೀ ಬನ್ನೊಂದನ್ನು ಬಾಯಿಗಿಟ್ಟುಕೊಂಡ.

ಟ್ಯಾಂಕರಿನ ಬಾಲ ಮೆಲ್ಲಗೆ ಅವಳ ಗೋಡೆಯತ್ತ ವಾಲಿತು. ಒಂದೇ ಒಂದು ಮಾತು ಸಾಕಿತ್ತು, ಕೋಣೆ ಉಳಿಯುತ್ತಿತ್ತು. ಟ್ಯಾಂಕರೂ ದಾಟುತ್ತಿತ್ತು. ಅವಳ ಕಣ್ಣಲ್ಲಿ ನೀರು ಬಂತು. ಆದರೆ ಟವೆಲು ಅಲ್ಲಾಡಲಿಲ್ಲ.

ಗೋಡೆ ದಬದಬನೆ ಬಿತ್ತು. ಇಸ್ತ್ರಿ ಮೇಜಿನ ಮೇಲೆ ಇಟ್ಟಿಗೆಯ ರಾಶಿ. ಬೆದರಿದ ಡ್ರೈವರ್ ಟ್ಯಾಂಕರನ್ನು ಬಯಲಿನ ಕಡೆಗೇ ಹಿಂದಕ್ಕೆ ತೆಗೆದುಕೊಂಡ.

"ತಗುಲಿತು. ಫೇಲ್" ಎಂದರು ಮೇಡಂ.

"ಆದ್ರೆ ಮೇಡಂ, ಮೂಲೇನೇ ಹೋಯ್ತಲ್ಲ" ಎಂದ ಮ್ಯಾನೇಜರ್. "ಈಗ ದಾರಿ ಆಯ್ತು. ನಾಳೆ ಇನ್ನೊಂದ್ಸಲ ನೋಡೋಣ."

ಮೇಡಂ ಯೋಚಿಸಿದರು. "ನಾಳೆ ಮೂಲೆ ಇಲ್ದೇ ಹೋದ್ರೆ ನೋಡೋಣ" ಎಂದರು.

ಮೊದಲ ಇಟ್ಟಿಗೆ ಎತ್ತಿದವನು ಬೇಕರಿಯಣ್ಣ. ಅವನ ಹಿಂದೆ ಊರೆಲ್ಲ. ಇಟ್ಟಿಗೆಗಳು ಕೈಯಿಂದ ಕೈಗೆ ಹಾರಿದವು. ಹಿಟ್ಟು ನಾದುವ ತೊಟ್ಟಿಯಲ್ಲೇ ಸಿಮೆಂಟು ಕಲಸಿದರು. ರಸ್ತೆಯ ನಡುವೆ ನಿಂತ ರೈಟಕ್ಕ ಬಾಯಿಂದ ಟವೆಲು ತೆಗೆದಳು. ಅಳುವೂ ನಗುವೂ ಒಟ್ಟಿಗೇ ಬಂದು ಅವಳಿಗೆ ಉಸಿರೇ ಸಿಗುತ್ತಿರಲಿಲ್ಲ.

"ಬರ್ಲಿ, ಬರ್ಲಿ" ಎಂದು ಗೋಡೆಗೆ ದಾರಿ ತೋರಿಸಿದಳು.

ಗೋಡೆ ಹಳೆಯ ಜಾಗ ದಾಟಿ, ಬೇಕರಿಯ ಕಡೆಗೆ ಒಂದು ಗೇಣು ಮುಂದೆ ಬಂದಿತ್ತು. ಬೇಕರಿಯಣ್ಣ ಕರಣೆ ಹಿಡಿದು ತಲೆಯೆತ್ತಿದ.

"ಇನ್ನು ನಿನ್ನ ಮೈದಾ ಲಾರಿ ಬರಲ್ಲಣ್ಣ" ಎಂದಳು ಅವಳು.

"ಮೂಟೆ ನಾನೇ ಹೊತ್ಕೊಂಡು ಬರ್ತೀನಿ" ಎಂದ ಅವನು. "ನೀನು ಹೇಳಕ್ಕ, ಇನ್ನೂ ಬರ್ಲಾ?"