ಒಗೆದ ಬಟ್ಟೆ

ನನ್ನ ಮಗಳು ವಿಮಲೆಯ ಉಚ್ಚೆಗೆ ಇಲಿ ಬಿಲದ ವಾಸನೆ ಇತ್ತು. ಎಂಟು ತಿಂಗಳಾದರೂ ಕುತ್ತಿಗೆ ನಿಂತಿರಲಿಲ್ಲ. ಕರೆದರೆ ತಿರುಗುತ್ತಿರಲಿಲ್ಲ. ಆದರೂ ನನ್ನನ್ನು ಹೆಚ್ಚು ಕಾಡಿದ್ದು ಆ ವಾಸನೆಯೇ. ಬರೆಯಲೂ ನಾಚಿಕೆ.

ಚನ್ನರಾಯಪಟ್ಟಣದ ಶಾಲೆಯಲ್ಲಿ ನಾನು ಟೀಚರು. ಮಕ್ಕಳನ್ನು ಸಾಲಾಗಿ ನಿಲ್ಲಿಸಿ, ಉಗುರು, ಕಿವಿ ನೋಡಿ, ಕೊಳೆಯಿದ್ದವರನ್ನು ಮನೆಗಟ್ಟುತ್ತಿದ್ದವಳು.

ಹಾಸನದ ಡಾಕ್ಟರು, "ಮಗು ಒದ್ದೆ ಮಾಡಿದ ಬಟ್ಟೆ ತನ್ನಿ, ಒಣಗಿದ್ರೂ ಪರವಾಗಿಲ್ಲ, ಒಂದು ಟೆಸ್ಟ್ ಮಾಡೋಣ" ಎಂದರು. ಅತ್ತೆ ಹೌಹಾರಿದರು.

"ಉಚ್ಚೆ ಬಟ್ಟೆ ಇಡ್ಕಂಡು ಬಸ್ನಾಗೆ ಓಯ್ತೀಯಾ? ಮಾನ ಓಗಲ್ವೇನೆ?"

ಅವರು ಬರೀ ಕೇಳಿದರು. ಒಗೆದವಳು ನಾನು. ಸೋಪು ಹಚ್ಚಿ, ಕುಕ್ಕಿ ಒಗೆದು, ಸಾಂಬ್ರಾಣಿ ಹೊಗೆಗೆ ಹಿಡಿದು, ಮಡಿಸಿಕೊಂಡು ಹೋದೆ. ಕಾಯಿಲೆ ಇದ್ದರೆ ಒಗೆದರೂ ಕಾಣುತ್ತದೆ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡಿದ್ದೆ.

ಡಾಕ್ಟರು ಬಟ್ಟೆಯ ಮೇಲೆ ಸೀಸೆಯಿಂದ ಒಂದು ಹಳದಿ ಹನಿ ಬಿಟ್ಟರು. ಹಳದಿಯಾಗಿಯೇ ಉಳಿಯಿತು. "ಹಸಿರಾಗಿದ್ರೆ ಕಷ್ಟ ಇತ್ತು. ಆ ಕಾಯಿಲೆ ಅಲ್ಲ" ಎಂದರು. ನಾನು ಸುಮ್ಮನೆ ಎದ್ದು ಬಂದೆ.

ಅದಾಗಿ ಹತ್ತು ತಿಂಗಳ ಮೇಲೆ ವಿಮಲೆಗೆ ಫಿಟ್ಸ್ ಬಂತು. ವಾರ್ಡಿನಲ್ಲಿ ಅವಳು ಒದ್ದೆ ಮಾಡಿದ ಬಟ್ಟೆಯ ಮೇಲೆ ಅದೇ ಡಾಕ್ಟರು ಅದೇ ಹನಿ ಬಿಟ್ಟರು.

ಹಸಿರು.

ಹಾಲು, ಬೇಳೆಯಲ್ಲಿರುವ ಯಾವುದೋ ಅಂಶ ಅವಳ ಮೈಯಲ್ಲಿ ಅರಗದೆ ಮಿದುಳನ್ನು ಕೆಡಿಸುತ್ತಿತ್ತಂತೆ. ಕೆಲವು ದೇಶಗಳಲ್ಲಿ ಈಗ ಹುಟ್ಟಿದ ಪ್ರತಿ ಮಗುವಿಗೂ ಇದನ್ನು ಪರೀಕ್ಷೆ ಮಾಡುತ್ತಾರಂತೆ. ಬೇಗ ತಿಳಿದು ಪಥ್ಯ ಹಿಡಿದರೆ ಮಗು ಎಲ್ಲರಂತೆ ಬೆಳೆಯುತ್ತದಂತೆ. "ಆವತ್ತು ಯಾಕೆ ಗೊತ್ತಾಗ್ಲಿಲ್ಲ?" ಎಂದು ಡಾಕ್ಟರು ತಮ್ಮ ಸೀಸೆಯನ್ನೇ ಅನುಮಾನದಿಂದ ನೋಡಿದರು. ಆಗಲೂ ನಾನು ಬಾಯಿ ಬಿಡಲಿಲ್ಲ.

ಈಗ ಮಗ ಹುಟ್ಟಿದ್ದಾನೆ. ಅವನಿಗೆ ಆರು ವಾರವಾದಾಗ ಒದ್ದೆ ಬಟ್ಟೆಯನ್ನು ಹಾಗೇ ಮಡಿಲಲ್ಲಿಟ್ಟುಕೊಂಡು ಹಾಸನದ ಬಸ್ಸು ಹತ್ತಿದೆ.

"ಏನಮ್ಮೋ ಇದು ವಾಸ್ನೆ?" ಎಂದ ಕಂಡಕ್ಟರು.

"ನನ್ನ ಮಗನ ಉಚ್ಚೆ ಕಣಪ್ಪ. ಟೆಸ್ಟಿಗೆ ತಗಂಡೋಯ್ತಿದೀನಿ." ಇಡೀ ಬಸ್ಸಿಗೆ ಕೇಳುವಂತೆ ಹೇಳಿದೆ.

ಹನಿ ಹಳದಿಯಾಗಿಯೇ ಉಳಿಯಿತು. ಈ ಸಲ ನಿಜವಾದ ಹಳದಿ. ಅತ್ತುಬಿಟ್ಟೆ.

"ಸಾರ್, ವಿಮಲೆದು ಮೊದಲು ತಂದಿದ್ದೆನಲ್ಲ, ಅದು ಒಗೆದ ಬಟ್ಟೆ."

ಡಾಕ್ಟರು ಸೀಸೆಯ ಮುಚ್ಚಳ ಹಾಕಿದರು. ಆಮೇಲೆ, "ಒಗೀಬೇಡಿ ಅಂತ ನಾನೂ ಹೇಳಿರ್ಲಿಲ್ಲ ಅಲ್ವಾ?" ಎಂದರು. ದೊಡ್ಡ ಮನಸ್ಸು ಅವರದು. ಹೇಳದಿದ್ದರೂ ಒಗೆಯಬಾರದೆಂದು ನನಗೆ ಗೊತ್ತಿತ್ತು.

ವಿಮಲೆಗೆ ಈಗ ಬೇಳೆ ಇಲ್ಲ, ಹಾಲು ಅಳತೆ ಮಾಡಿ ಸ್ವಲ್ಪವೇ. ಗಂಜಿ, ತರಕಾರಿಯಲ್ಲೇ ಇದ್ದಾಳೆ. ಫಿಟ್ಸ್ ಕಡಿಮೆಯಾಗಿದೆ, ಅಷ್ಟಾದರೂ ಆಯಿತಲ್ಲ ಎಂದು ದೇವರಿಗೆ ಕೈಮುಗಿಯುತ್ತೇನೆ. ಕರೆದರೆ ಒಮ್ಮೊಮ್ಮೆ ತಿರುಗಿ ನನ್ನನ್ನು ನೋಡುತ್ತಾಳೆ.

ನಾನೇ ಮುಖ ತಪ್ಪಿಸುತ್ತೇನೆ.